ಆರ್‌ಆರ್ ನಂಬರ್ ಹೇಳಿ

ರಾತ್ರಿ ಊಟಕ್ಕೆ ಕೂತ ಹೊತ್ತಿಗೇ ಕರೆಂಟ್ ಹೋಯಿತೆನ್ನಿ. ಮೊದಲು ಕಿಟಕಿಯಿಂದ ಇಣುಕಿ ಎದುರು ಮನೆಯಲ್ಲಿ ದೀಪ ಇದೆಯೇ ಎಂದು ನೋಡುತ್ತೇವೆ. ಅಲ್ಲೂ ಕತ್ತಲಾಗಿದ್ದರೆ ಮನಸ್ಸಿಗೆ ಏನೋ ಸಮಾಧಾನ. ಆಮೇಲೆ 1912ಕ್ಕೆ ಫೋನು. ಆ ಕಡೆಯಿಂದ ಬರುವ ಮೊದಲ ಮಾತು: ‘ಆರ್‌ಆರ್ ನಂಬರ್ ಹೇಳಿ ಸರ್.’ ಮೊಬೈಲ್ ಟಾರ್ಚ್ ಹಿಡಿದು ಹಳೇ ಬಿಲ್ ಹುಡುಕುವಾಗ ಸಿಟ್ಟು ಬರುತ್ತದೆ. ಬೀದಿ ಹೆಸರು, ಅಡ್ಡರಸ್ತೆ, ಗಣಪತಿ ದೇವಸ್ಥಾನದ ಹಿಂಭಾಗ, ಇಷ್ಟು ಹೇಳಿದರೆ ಸಾಲದೇ?

ಸಾಲದು. ವಿಳಾಸ ಪೋಸ್ಟ್‌ಮ್ಯಾನ್‌ಗೆ ಬೇಕು; ಕರೆಂಟಿಗೆ ಬೇಕಾದದ್ದು ದಾರಿ. ಸಬ್‌ಸ್ಟೇಷನ್‌ನಲ್ಲಿ 66 ಕಿಲೋವೋಲ್ಟ್ ಇದ್ದದ್ದು 11ಕ್ಕೆ ಇಳಿದು, ಫೀಡರ್ ಎಂಬ ಲೈನಿನಲ್ಲಿ ಬೀದಿ ಬೀದಿ ಸುತ್ತಿ, ನಿಮ್ಮ ಬಡಾವಣೆಯ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್‌ಗೆ ನಮ್ಮಲ್ಲಿ ಹೊಲದಿಂದ ಕಚೇರಿಯವರೆಗೆ ಎಲ್ಲರೂ ಹೇಳುವುದು ಟಿಸಿ ಎಂದೇ) 415 ವೋಲ್ಟ್ ಆಗಿ, ಕಂಬದಿಂದ ಸರ್ವಿಸ್ ವೈರ್ ಹಿಡಿದು ಮೀಟರ್ ಬೋರ್ಡಿಗೆ ಬರುತ್ತದೆ. ಎದುರು ಮನೆಗೆ ಇನ್ನೊಂದು ಟಿಸಿಯಿಂದ ಬಂದಿರಬಹುದು. ಒಂದೇ ಟಿಸಿಯಾದರೂ ಬೇರೆ ಫೇಸ್ ಇರಬಹುದು. ಹಾಗಾಗಿ ಕಿಟಕಿಯ ಪರೀಕ್ಷೆಯನ್ನು ಪೂರ್ತಿ ನಂಬುವಂತಿಲ್ಲ.

ಆರ್‌ಆರ್ ಎಂದರೆ ರೆವಿನ್ಯೂ ರಿಜಿಸ್ಟರ್. ಬಿಲ್ ವಸೂಲಿಗೆಂದು ಹುಟ್ಟಿದ ಲೆಡ್ಜರ್ ಸಂಖ್ಯೆ. ಆ ಸಂಖ್ಯೆಯನ್ನು ಒಂದು ಕಂಬಕ್ಕೆ, ಕಂಬವನ್ನು ಒಂದು ಟಿಸಿಗೆ, ಟಿಸಿಯನ್ನು ಒಂದು ಫೀಡರ್‌ಗೆ ಗಂಟು ಹಾಕಿ, ಆ ಗಂಟುಗಳನ್ನೆಲ್ಲ ನೆಲದ ಮೇಲಿನ ಜಾಗದ ಸಮೇತ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವ ಏರ್ಪಾಡಿಗೆ ಜಿಐಎಸ್, ಅಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆ ಎಂದು ಹೆಸರು. ವಿದ್ಯುತ್ ಇಲಾಖೆಯವರ ಮುಂದೆ ಈ ಮಾತನ್ನು ಕೊಂಚ ಜಾಗ್ರತೆಯಿಂದ ಆಡಬೇಕು. ಅವರಲ್ಲಿ ಜಿಐಎಸ್ ಎಂದರೆ ಅನಿಲ ತುಂಬಿದ ಕೊಳವೆಗಳೊಳಗೆ ಸ್ವಿಚ್ಚುಗಳನ್ನು ಇಟ್ಟಿರುವ ಸಬ್‌ಸ್ಟೇಷನ್ ಕೂಡ ಹೌದು. ಒಂದೇ ಸಭೆಯಲ್ಲಿ ಎರಡು ಜಿಐಎಸ್ ಕೂತು, ಮೊದಲ ಹತ್ತು ನಿಮಿಷ ಯಾರು ಏನು ಹೇಳುತ್ತಿದ್ದಾರೆಂದೇ ತಿಳಿಯದ ಪ್ರಸಂಗಗಳಿಗೆ ಇದು ಸಾಕು.

ಜಿಐಎಸ್ ಎಂದರೆ ಬಣ್ಣಬಣ್ಣದ ನಕ್ಷೆ ಎಂದೇ ಹೆಚ್ಚಿನವರ ತಿಳಿವಳಿಕೆ. ಕಚೇರಿಯ ಗೋಡೆಗೆ ಹಾಕಿದ ನಕ್ಷೆಯಲ್ಲಿ ಕೆಂಪು ಗೆರೆ ಫೀಡರ್, ಹಸಿರು ಚುಕ್ಕೆ ಟಿಸಿ. ನೋಡಲು ಚೆಂದ, ಕೆಲಸಕ್ಕೆ ಬಾರದು. ಕಂಪ್ಯೂಟರಿನ ನಕ್ಷೆಯಲ್ಲಿ ಪ್ರತಿ ಚುಕ್ಕೆಯ ಹಿಂದೆ ಒಂದು ಸಾಲು ವಿವರ ಇರುತ್ತದೆ: ಈ ಟಿಸಿ 63 ಕೆವಿಎಯೋ 100 ಕೆವಿಎಯೋ, ಯಾವ ವರ್ಷ ಕೂರಿಸಿದ್ದು, ಕೊನೆಯ ಬಾರಿ ಎಣ್ಣೆ ಬದಲಿಸಿದ್ದು ಯಾವಾಗ. ಇದೂ ದೊಡ್ಡ ಮಾತಲ್ಲ, ಎಕ್ಸೆಲ್ ಹಾಳೆಯಲ್ಲಿ ಬರೆದಿಡಬಹುದು. ಎಕ್ಸೆಲ್‌ಗೆ ಆಗದ ಕೆಲಸ ಸಂಬಂಧ ಹಿಡಿದು ನಡೆಯುವುದು. ಈ ಜಾಗದಲ್ಲಿ ತಂತಿ ತುಂಡಾದರೆ ಮುಂದೆ ಯಾರ್‍ಯಾರ ಮನೆ ಕತ್ತಲು? ಈ ಮನೆಗೆ ಕರೆಂಟ್ ಬರುವ ದಾರಿಯಲ್ಲಿ ಎಷ್ಟು ಸ್ವಿಚ್? ಮೇಲಕ್ಕೆ ಹುಡುಕುವುದು, ಕೆಳಕ್ಕೆ ಹುಡುಕುವುದು. ಈ ಎರಡೇ ಪ್ರಶ್ನೆಗಳ ಮೇಲೆ ಇಡೀ ವ್ಯವಸ್ಥೆ ನಿಂತಿದೆ.

ಆದ್ದರಿಂದಲೇ ಇಲ್ಲಿ ತಪ್ಪುಗಳೂ ವಿಚಿತ್ರವಾಗಿರುತ್ತವೆ. ತೆರೆಯ ಮೇಲೆ ಲೈನು ಟಿಸಿಗೆ ತಾಗಿದ ಹಾಗೆಯೇ ಕಾಣುತ್ತದೆ. ಹತ್ತಿರಕ್ಕೆ ಎಳೆದು ನೋಡಿದರೆ ಒಂದು ಗೇಣು ಸಂದು. ಬಿಡಿಸಿದವನ ಕೈ ಒಂದು ಕೂದಲೆಳೆ ಹಿಂದೆ ನಿಂತಿದೆ. ಕಂಪ್ಯೂಟರಿನ ಪಾಲಿಗೆ ಆ ಟಿಸಿಗೆ ಕರೆಂಟೇ ಇಲ್ಲ. ಅದರ ಕೆಳಗಿನ 90 ಮನೆ ಲೆಕ್ಕದಿಂದಲೇ ಹೊರಗೆ. ಎರಡು ಲೈನುಗಳು ಒಂದರ ಮೇಲೊಂದು ಹಾದುಹೋಗುವ ಕಡೆ ಉಲ್ಟಾ ತಪ್ಪು: ನೆಲದಲ್ಲಿ ಅವು ಮುಟ್ಟುವುದೇ ಇಲ್ಲ, ನಕ್ಷೆಯಲ್ಲಿ ಕೂಡಿಸಿಬಿಟ್ಟಿರುತ್ತಾರೆ. ಜಿಐಎಸ್ ಯೋಜನೆಯಲ್ಲಿ ಸಮೀಕ್ಷೆಗೆ ಹಿಡಿದಷ್ಟೇ ಸಮಯ ಇಂಥ ಸಂದುಗಳನ್ನು ಹೊಲಿಯುವುದಕ್ಕೂ ಹಿಡಿಯಬಹುದು. ಟೆಂಡರಿನಲ್ಲಿ ಆ ಹೊಲಿಗೆಗೆ ಯಾರೂ ದಿನ ಇಟ್ಟಿರುವುದಿಲ್ಲ.

ಈಗ ಮತ್ತೆ ಆ ಫೋನಿಗೆ ಬರೋಣ. ಒಂದೇ ಆರ್‌ಆರ್ ನಂಬರಿನಿಂದ ಕರೆ ಬಂದರೆ ತೊಂದರೆ ಆ ಮನೆಯದೇ ಇರಬಹುದು, ಸರ್ವಿಸ್ ವೈರ್ ಸುಟ್ಟಿರಬಹುದು. ಐದು ನಿಮಿಷದಲ್ಲಿ ಆರು ಕರೆ ಬಂದು, ಆರೂ ಒಂದೇ ಟಿಸಿಯ ಕೆಳಗಿನವಾದರೆ ಟಿಸಿಯ ಫ್ಯೂಸ್ ಹೋಗಿದೆ ಎಂದು ವ್ಯವಸ್ಥೆ ತಾನೇ ಊಹಿಸುತ್ತದೆ. ಅಕ್ಕಪಕ್ಕದ ಮೂರು ಟಿಸಿಗಳಿಂದ ಕರೆ ಬಂದು, ಅದಕ್ಕಿಂತ ಹಿಂದಿನ ಟಿಸಿಯವರು ಸುಮ್ಮನಿದ್ದರೆ, ಆ ನಡುವೆ ಎಲ್ಲೋ ಜಂಪ್ (ಕಂಬದ ಮೇಲೆ ಎರಡು ತಂತಿಗಳನ್ನು ಕೂಡಿಸುವ ತುಂಡು) ಕಟ್ ಆಗಿದೆ. ಮಳೆಯಲ್ಲಿ ಬೈಕ್ ಮೇಲೆ ಹೊರಟ ಪವರ್‌ಮ್ಯಾನ್‌ಗೆ 6 ಕಿಲೋಮೀಟರ್ ಫೀಡರ್ ಪೂರ್ತಿ ಸುತ್ತುವುದಕ್ಕೂ, ಎರಡು ಕಂಬಗಳ ನಡುವೆ ಟಾರ್ಚ್ ಬಿಡುವುದಕ್ಕೂ ಎಷ್ಟು ವ್ಯತ್ಯಾಸ! ಆರ್‌ಆರ್ ನಂಬರ್ ಕೇಳುವುದು ಇದಕ್ಕೆ.

ಇದರ ಇನ್ನೊಂದು ಮುಖ ಜೀವಕ್ಕೆ ಸಂಬಂಧಿಸಿದ್ದು. ಲೈನ್ ಮೇಲೆ ಕೆಲಸ ಮಾಡುವ ಮುನ್ನ ‘ಎಲ್‌ಸಿ ತಗೊಳ್ಳುವುದು’, ಅಂದರೆ ಲೈನ್ ಕ್ಲಿಯರ್ ಪಡೆಯುವುದು, ನಿಯಮ. ಒಂದೇ ಕಂಬದ ಮೇಲೆ ಎರಡು ಫೀಡರ್ ಹಾದಿದ್ದರೆ ಒಂದಕ್ಕೆ ಮಾತ್ರ ಎಲ್‌ಸಿ ತೆಗೆದುಕೊಂಡು ಹತ್ತುವುದು ಸಾವಿಗೆ ಕೈಚಾಚಿದಂತೆ. ಆ ಕಂಬಕ್ಕೆ ಎಷ್ಟು ದಿಕ್ಕಿನಿಂದ ವಿದ್ಯುತ್ ಬರಬಹುದೆಂದು ನಕ್ಷೆ ಕ್ಷಣದಲ್ಲಿ ತೋರಿಸುತ್ತದೆ. ಆದರೆ ಯಾರದೋ ಅಂಗಡಿಯ ಜನರೇಟರ್ ಹಿಮ್ಮುಖವಾಗಿ ಲೈನಿಗೆ ಕರೆಂಟ್ ತುಂಬುತ್ತಿದ್ದರೆ ಅದು ಯಾವ ನಕ್ಷೆಯಲ್ಲೂ ಇರುವುದಿಲ್ಲ. ನಕ್ಷೆ ಏನೇ ಹೇಳಲಿ, ಅರ್ಥಿಂಗ್ ರಾಡ್ ಹಾಕದೆ ತಂತಿ ಮುಟ್ಟಬಾರದು.

ವಿದ್ಯುತ್ ಕಂಪನಿಗಳು ಈ ನಕ್ಷೆಯ ಕೆಲಸಕ್ಕೆ ಕೈಹಾಕಿದ್ದು ಮುಖ್ಯವಾಗಿ ದುಡ್ಡಿನ ಸೋರಿಕೆ ಹಿಡಿಯಲು. ಕೇಂದ್ರ ಸರ್ಕಾರ 2008ರಲ್ಲಿ ಪರಿಷ್ಕರಿಸಿ ತಂದ ಆರ್-ಎಪಿಡಿಆರ್‌ಪಿ ಯೋಜನೆಯಲ್ಲಿ 30,000ಕ್ಕೂ ಹೆಚ್ಚು ಜನಸಂಖ್ಯೆಯ ಪಟ್ಟಣಗಳಲ್ಲಿ ಪ್ರತಿ ಗ್ರಾಹಕರನ್ನೂ ಟಿಸಿ, ಫೀಡರ್‌ಗಳಿಗೆ ಜೋಡಿಸಿ ನಕ್ಷೆ ಮಾಡುವುದು ಮೊದಲ ಹಂತದ ಕೆಲಸವಾಗಿತ್ತು. ಅದಕ್ಕೆ ‘ಕನ್ಸ್ಯೂಮರ್ ಇಂಡೆಕ್ಸಿಂಗ್’ ಎನ್ನುತ್ತಾರೆ. ಲೆಕ್ಕ ಸರಳ. ಒಂದು ಟಿಸಿಗೆ ಹಾಕಿದ ಮೀಟರಿನಲ್ಲಿ ತಿಂಗಳಿಗೆ 30,000 ಯೂನಿಟ್ ಬಂದಿದೆ, ಅದರ ಕೆಳಗಿನ ಮನೆಗಳ ಬಿಲ್ ಕೂಡಿಸಿದರೆ 25,500 ಇದೆ ಎಂದುಕೊಳ್ಳಿ. 4,500 ಯೂನಿಟ್, ನೂರಕ್ಕೆ 15, ಎಲ್ಲಿ ಹೋಯಿತು? ಕೊಂಡಿ ಹಾಕಿ ಕದ್ದಿರಬಹುದು, ಮೀಟರ್ ನಿಧಾನವಾಗಿ ಓಡುತ್ತಿರಬಹುದು. ಮೂರನೆಯ ಸಾಧ್ಯತೆಯನ್ನು ಅನುಭವಿಗಳು ಮೊದಲು ನೋಡುತ್ತಾರೆ: ಪಕ್ಕದ ಟಿಸಿಯ ಲೆಕ್ಕ. ಅಲ್ಲಿ ಸರಬರಾಜಿಗಿಂತ ಬಿಲ್ಲೇ ಜಾಸ್ತಿ ಇದ್ದರೆ ಕಳ್ಳ ಸಿಕ್ಕಿದ ಹಾಗೆ. ಯಾರೂ ಕದ್ದಿಲ್ಲ, ಹೊರೆ ಹಂಚುವಾಗ ಹತ್ತು ಮನೆಗಳನ್ನು ಆ ಟಿಸಿಯಿಂದ ಈ ಟಿಸಿಗೆ ಬದಲಿಸಿದ್ದಾರೆ, ಕಡತದಲ್ಲಿ ಬದಲಿಸಿಲ್ಲ. ಪಕ್ಕಪಕ್ಕದ ಟಿಸಿಗಳನ್ನು ನಕ್ಷೆಯಲ್ಲಿ ಒಟ್ಟಿಗೆ ನೋಡಿದಾಗಷ್ಟೇ ಕಾಣುವ ಸಂಗತಿ ಇದು. ಪಟ್ಟಿಯಲ್ಲಿ ಆ ಎರಡು ಟಿಸಿಗಳ ಸಂಖ್ಯೆಗಳು ನಾಲ್ಕು ಪುಟ ದೂರ ಇರುತ್ತವೆ.

ಹಳ್ಳಿಗಳ ಕಡೆ ಲೆಕ್ಕ ಇನ್ನೂ ತೊಡಕು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ, ಬಹುಪಾಲಿಗೆ ಮೀಟರಿಲ್ಲ. ಬಳಕೆಯನ್ನು ಅಂದಾಜು ಮಾಡಬೇಕು, ಆ ಅಂದಾಜಿನ ಮೇಲೆ ಸರ್ಕಾರದ ಸಹಾಯಧನ ನಿಂತಿದೆ. ಪಂಪ್‌ಸೆಟ್‌ಗಳ ಜಿಪಿಎಸ್ ಸಮೀಕ್ಷೆ ಮಾಡಿ ಎಂದು ವಿದ್ಯುತ್ ನಿಯಂತ್ರಣ ಆಯೋಗ ಕಂಪನಿಗಳ ಬೆನ್ನು ಹತ್ತಿದ್ದು ಇದಕ್ಕೇ. ಬತ್ತಿಹೋದ ಬೋರ್‌ವೆಲ್ ಕಾಗದದಲ್ಲಿ ವರ್ಷಗಟ್ಟಲೆ ನೀರೆತ್ತುತ್ತಲೇ ಇರಬಲ್ಲದು. ಹೊಲಕ್ಕೆ ಹೋಗಿ ನಿಂತು ಗುರುತು ಹಾಕಿದರೆ ಅಲ್ಲಿ ಮೋಟರು ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಇದೇ ನಕ್ಷೆಯ ಕೆಲಸ ನೀರಿನ ಕಡೆ ಬಂದರೆ ಎಲ್ಲವೂ ಕಷ್ಟ. ಕಂಬ ಕಣ್ಣಿಗೆ ಕಾಣುತ್ತದೆ, ಪೈಪ್ ಕಾಣುವುದಿಲ್ಲ. ತಂತಿ ತುಂಡಾದರೆ ಆ ಕ್ಷಣವೇ ಊರಿಗೆ ಗೊತ್ತು. ಪೈಪ್ ಒಡೆದರೆ ಆ ನೀರು ಪಕ್ಕದ ಮೋರಿ ಸೇರಿಕೊಂಡು ವರ್ಷಾನುಗಟ್ಟಲೆ ಸದ್ದಿಲ್ಲದೆ ಹರಿಯಬಹುದು. ಬಡಾವಣೆಯ ಕರೆಂಟ್ ಮರದ ಕೊಂಬೆಯಂತೆ ಒಂದೇ ದಿಕ್ಕಿಗೆ ಹರಿಯುತ್ತದೆ, ಕುಣಿಕೆ ಹಾಕಿದ ನೀರಿನ ಜಾಲದಲ್ಲಿ ಬೆಳಿಗ್ಗೆ ಪೂರ್ವಕ್ಕೆ ಹರಿದ ನೀರು ಸಂಜೆ ಪಶ್ಚಿಮಕ್ಕೆ ಹರಿದೀತು. ಇವುಗಳ ಜೊತೆಗೆ ಎತ್ತರ ಎಂಬ ಒಂದು ಸಂಗತಿ ಇದೆ. 10 ಮೀಟರ್ ಮೇಲೆ ಹೋದರೆ ಹೆಚ್ಚುಕಡಿಮೆ ಒಂದು ಬಾರ್ ಒತ್ತಡ ಕಳೆದುಹೋಗುತ್ತದೆ. ಒಂದೇ ಬೀದಿಯ ತಗ್ಗಿನ ತುದಿಯಲ್ಲಿ ನೀರು ಧುಮುಕುವಾಗ ದಿಣ್ಣೆಯ ತುದಿಯಲ್ಲಿ ನಲ್ಲಿ ಬುಸ್ಸೆನ್ನುವುದು ಇದರಿಂದ. ಕರೆಂಟಿನ ನಕ್ಷೆಗೆ ಎರಡು ಅಳತೆ ಸಾಕು, ನೀರಿನ ನಕ್ಷೆಗೆ ಮೂರನೆಯದೂ ಬೇಕೇಬೇಕು.

ಬೆಂಗಳೂರನ್ನೇ ನೋಡಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿನ ದಿಣ್ಣೆ. ಒಂದು ಕಡೆ ಬಿದ್ದ ಮಳೆ ಅರ್ಕಾವತಿ ಹಿಡಿದು ಕಾವೇರಿಗೆ, ಇನ್ನೊಂದು ಕಡೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ಅಷ್ಟು ಎತ್ತರದ ಊರಿಗೆ ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪ್ ಮಾಡಿ ಕಾವೇರಿ ನೀರನ್ನು ಅರ್ಧ ಕಿಲೋಮೀಟರಿನಷ್ಟು ಮೇಲೆತ್ತಬೇಕು. ಶಾಲೆಯ ಭೌತಶಾಸ್ತ್ರದ ಲೆಕ್ಕ ಹಾಕಿ: 1,000 ಲೀಟರ್ ನೀರನ್ನು 500 ಮೀಟರ್ ಎತ್ತಲು, ಯಂತ್ರದಲ್ಲಿ ಒಂದಿಷ್ಟೂ ವ್ಯರ್ಥವಾಗದಿದ್ದರೂ, 1.36 ಯೂನಿಟ್ ವಿದ್ಯುತ್ ಬೇಕು. ಪಂಪ್, ಮೋಟರುಗಳ ನಷ್ಟ ಸೇರಿಸಿದರೆ 2 ಯೂನಿಟ್ ಹತ್ತಿರ. ಅಂದರೆ ಊರಿನೊಳಗೆ ಸೋರುವ ಪ್ರತಿ ಸಾವಿರ ಲೀಟರಿನ ಜೊತೆ ಎರಡು ಯೂನಿಟ್ ಕರೆಂಟೂ ಮೋರಿಗೆ. ವಿದ್ಯುತ್ ಮತ್ತು ನೀರು ಎರಡು ಇಲಾಖೆಗಳಾದರೂ ನಷ್ಟದ ಖಾತೆ ಒಂದೇ.

ಸೋರಿಕೆಯ ಜಾಗ ಹಿಡಿಯುವ ಮೊದಲ ಹೆಜ್ಜೆ ಊರನ್ನು ತುಂಡು ಮಾಡುವುದು. ಸಾವಿರ, ಎರಡು ಸಾವಿರ ಮನೆಗಳ ಒಂದೊಂದು ವಲಯ ಮಾಡಿ, ಸುತ್ತಲಿನ ವಾಲ್ವ್‌ಗಳನ್ನೆಲ್ಲ ಮುಚ್ಚಿ, ಒಂದೇ ಬಾಗಿಲಿನಿಂದ ನೀರು ಒಳಬರುವಂತೆ ಮಾಡಿ, ಆ ಬಾಗಿಲಿಗೆ ಮೀಟರ್ ಕೂರಿಸುತ್ತಾರೆ. ಬೆಳಗಿನ ಜಾವ 2ರಿಂದ 4ರವರೆಗೆ ಊರು ಮಲಗಿರುತ್ತದೆ. ಆಗಲೂ ಮೀಟರ್ ಓಡುತ್ತಿದ್ದರೆ ಅದು ಸೋರಿಕೆ. ಪುಸ್ತಕದಲ್ಲಿ ಹೀಗಿದೆ. ನಮ್ಮೂರುಗಳಲ್ಲಿ ಮನೆಮನೆಗೂ ಸಂಪ್ ಇದೆಯಲ್ಲ! ಮನೆಯವರು ಮಲಗಿದ್ದರೂ ಸಂಪು ಎದ್ದಿರುತ್ತದೆ, ನೀರು ಬಿಟ್ಟ ಹೊತ್ತಿಗೆ ಬಾಯಿ ತೆರೆದು ಕುಡಿಯುತ್ತದೆ. ಮೂರು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಂತೂ ಈ ಪರೀಕ್ಷೆಗೆ ಅರ್ಥವೇ ಇಲ್ಲ. ಬರಿದಾದ ಪೈಪಿನಲ್ಲಿ ಗಾಳಿ ಸೇರಿ, ನೀರು ಬರುವ ಮುನ್ನ ಆ ಗಾಳಿಯೇ ಮೀಟರ್ ತಿರುಗಿಸಿಬಿಡುತ್ತದೆ. ಬರಿದಾದ ಪೈಪ್ ಪಕ್ಕದ ಯುಜಿಡಿಯ (ಒಳಚರಂಡಿಯ) ಕೊಳಕನ್ನು ಬಿರುಕುಗಳಿಂದ ಒಳಗೆಳೆದುಕೊಳ್ಳುವುದು ಅದಕ್ಕಿಂತ ಕೆಟ್ಟದ್ದು. ಕುಡಿಯುವ ನೀರಿನ ಪೈಪ್ ಮತ್ತು ಒಳಚರಂಡಿ ಪೈಪ್ ಎಲ್ಲೆಲ್ಲಿ ಹಾಯುತ್ತವೆ ಎಂಬ ನಕ್ಷೆಯ ಮೇಲೆ ಹೊಟ್ಟೆನೋವು-ವಾಂತಿಯ ದೂರು ಬಂದ ಮನೆಗಳನ್ನು ಇಟ್ಟು ನೋಡಿದರೆ ಎಲ್ಲಿ ಅಗೆಯಬೇಕೆಂದು ಆರೋಗ್ಯ ನಿರೀಕ್ಷಕರಿಗೂ ಹೊಳೆಯುತ್ತದೆ.

2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ಬಡಾವಣೆಗಳಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ದಿನದ 24 ಗಂಟೆಯೂ ನೀರು ಬಿಡುವ ಪ್ರಾತ್ಯಕ್ಷಿಕೆ ಶುರುವಾಯಿತು. ಆ ವಲಯಗಳಲ್ಲಿ ಪೈಪ್ ಹೊಸದು, ಪ್ರತಿ ಮನೆಗೂ ಮೀಟರ್, ವಲಯದ ಗಡಿ ಸ್ಪಷ್ಟ. ಪೈಪಿನಲ್ಲಿ ಒತ್ತಡ ಸದಾ ಇರುವುದರಿಂದ ಸೋರಿಕೆ ಅಡಗಿ ಕೂರಲಾರದು, ರಾತ್ರಿಯ ಲೆಕ್ಕಕ್ಕೂ ಅರ್ಥ ಬರುತ್ತದೆ. ಹಳೆಯ ಜಾಲವನ್ನು ಹಾಗೇ ಇಟ್ಟುಕೊಂಡು 24 ಗಂಟೆ ನೀರು ಕೊಡುತ್ತೇವೆಂದು ಯಾರಾದರೂ ಭಾಷಣ ಮಾಡಿದರೆ ಮೊದಲು ವಲಯದ ನಕ್ಷೆ ತೋರಿಸಿ ಎಂದು ಕೇಳಬೇಕು.

ಸೋರಿಕೆ ಇರುವ ವಲಯ ಗೊತ್ತಾದ ಮೇಲೆ ಜಾಗ ಹುಡುಕುವುದು ಕಿವಿಯ ಕೆಲಸ. ಎರಡು ವಾಲ್ವ್‌ಗಳಿಗೆ ಒಂದೊಂದು ಸೆನ್ಸರ್ ಅಂಟಿಸುತ್ತಾರೆ. ಸೋರುವ ನೀರಿನ ಸದ್ದು ಪೈಪಿನಲ್ಲೇ ಎರಡೂ ಕಡೆಗೆ ಓಡುತ್ತದೆ. ಯಾವ ಕಡೆ ಬೇಗ ತಲುಪಿತು ಎಂಬುದರಿಂದ ಜಾಗ ಸಿಗುತ್ತದೆ. ಈ ಲೆಕ್ಕಕ್ಕೆ ಎರಡು ಸಂಗತಿ ನಕ್ಷೆಯಿಂದ ಬರಬೇಕು: ವಾಲ್ವ್‌ಗಳ ನಡುವಿನ ಪೈಪಿನ ಉದ್ದ, ಮತ್ತು ಪೈಪ್ ಯಾವುದರದ್ದು ಎಂಬುದು. ಎರಕದ ಕಬ್ಬಿಣದ ಪೈಪಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,200 ಮೀಟರ್ ಓಡಿದರೆ ಪ್ಲಾಸ್ಟಿಕ್ಕಿನಲ್ಲಿ 400ರ ಆಸುಪಾಸು. ವಾಲ್ವ್‌ಗಳ ನಡುವೆ 100 ಮೀಟರ್ ಇದ್ದು, ಸದ್ದು ತಲುಪುವುದರಲ್ಲಿ ಸೆಕೆಂಡಿನ ನೂರರಲ್ಲಿ 3 ಭಾಗ ವ್ಯತ್ಯಾಸ ಬಂತೆನ್ನಿ. ಕಬ್ಬಿಣದ್ದಾದರೆ ಹತ್ತಿರದ ವಾಲ್ವ್‌ನಿಂದ 32 ಮೀಟರಿನಲ್ಲಿ ಅಗೆಯಬೇಕು, ಪ್ಲಾಸ್ಟಿಕ್ ಆದರೆ 44ರಲ್ಲಿ. ನಕ್ಷೆಯಲ್ಲಿ ಕಬ್ಬಿಣ ಎಂದಿದ್ದು, ನಡುವೆ ಯಾರೋ ಎಚ್‌ಡಿಪಿಇ ಹಾಕಿದ್ದನ್ನು ದಾಖಲಿಸದಿದ್ದರೆ 12 ಮೀಟರ್ ಆಚೆ ಒಣ ಮಣ್ಣು ಅಗೆದು, ಯಂತ್ರ ಸರಿಯಿಲ್ಲ ಎಂದು ಬೈದು ಬರುತ್ತಾರೆ. ಹೆಸರಘಟ್ಟದಿಂದ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಕೊಳವೆ ನೀರು ಕಂಡ ಊರು ಬೆಂಗಳೂರು. 2024ರ ಅಕ್ಟೋಬರಿನಲ್ಲಿ ದಿನಕ್ಕೆ 77.5 ಕೋಟಿ ಲೀಟರಿನ ಕಾವೇರಿ ಐದನೇ ಹಂತವೂ ಬಂತು. ಇಷ್ಟು ಕಾಲದಲ್ಲಿ ನೆಲದಡಿ ಸೇರಿದ ಪೈಪಿನಲ್ಲಿ ಯಾವ ತುಂಡು ಯಾವ ಕಾಲದ್ದೋ, ಯಾವ ಲೋಹದ್ದೋ, ಬರೆದಿಟ್ಟವರೇ ಹೇಳಬೇಕು.

ಪೈಪ್ ‘ಎಲ್ಲಿದೆ’ ಎನ್ನುವುದಕ್ಕೂ ಅಷ್ಟೇ ಪೇಚು. ಮೊಬೈಲಿನ ಜಿಪಿಎಸ್ 4-5 ಮೀಟರ್ ಆಚೀಚೆ ಹೋಗುತ್ತದೆ. ಹೋಟೆಲ್ ಹುಡುಕಲು ಅದು ಸಾಕು. 30 ಅಡಿ ರಸ್ತೆ ಎಂದರೆ 9 ಮೀಟರ್. 5 ಮೀಟರ್ ತಪ್ಪಿದರೆ ರಸ್ತೆ ನಡುವಿನ ಪೈಪ್ ಯಾರದೋ ಅಡುಗೆಮನೆಯಲ್ಲಿ ಕೂರುತ್ತದೆ. ಅದಕ್ಕೆ ಡಿಜಿಪಿಎಸ್ ಕೋಲು ಹಿಡಿದು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ, ಅದೂ ಪೈಪ್ ಮೇಲೆ ಮಣ್ಣು ಮುಚ್ಚುವ ಮುನ್ನ. ಮುಚ್ಚಿದ ಮೇಲೆ ನೆಲದೊಳಗೆ ರೇಡಾರ್ ಬಿಟ್ಟು ಹುಡುಕುವ ಉಪಕರಣ ಇದೆ, ಒಣ ಮಣ್ಣಿನಲ್ಲಿ ಕೆಲಸವೂ ಮಾಡುತ್ತದೆ. ಉತ್ತರ ಕರ್ನಾಟಕದ ಎರೆಭೂಮಿಯ ಹಸಿ ಜೇಡಿಯಲ್ಲಿ ಅದರ ಅಲೆಗಳು ಸ್ವಲ್ಪ ಆಳಕ್ಕೇ ಸೊರಗಿಹೋಗುತ್ತವೆ.

ಅಳತೆ ಸರಿಯಿದ್ದೂ ನಕ್ಷೆ ಹಾಳಾಗುವುದುಂಟು. ಗುಂಡಗಿನ ಭೂಮಿಯನ್ನು ಚಪ್ಪಟೆ ಮಾಡಲು ಅದನ್ನು ಆರಾರು ಡಿಗ್ರಿಯ ಪಟ್ಟಿಗಳಾಗಿ ಸೀಳುತ್ತಾರೆ. 43ನೇ ಪಟ್ಟಿ 78 ಡಿಗ್ರಿ ರೇಖಾಂಶಕ್ಕೆ ಮುಗಿಯುತ್ತದೆ. ಕಾರವಾರದಿಂದ ಬೆಂಗಳೂರಿನವರೆಗೆ ಬಹುತೇಕ ಇಡೀ ರಾಜ್ಯ ಅದರೊಳಗೆ. ಕೋಲಾರ, ಮುಳಬಾಗಿಲು, ಕೆಜಿಎಫ್ ಕಡೆಯ ಅಂಚು ಮಾತ್ರ 44ಕ್ಕೆ ಸೇರುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಚಿನ್ನದ ಗಣಿಗೆ ಎಳೆದ ಆ ಹೆಸರಾಂತ ವಿದ್ಯುತ್ ಮಾರ್ಗ ಇವತ್ತಿನ ಲೆಕ್ಕದಲ್ಲಿ ಹೊರಟದ್ದು 43ರಲ್ಲಿ, ತಲುಪಿದ್ದು 44ರಲ್ಲಿ. ಕೋಲಾರದ ಅಂಕಿಗಳನ್ನು ಹುಷಾರಿಲ್ಲದೆ 43ರ ಪಟ್ಟಿ ಎಂದು ಕಂಪ್ಯೂಟರಿಗೆ ಕೊಟ್ಟರೆ ಊರು 650 ಕಿಲೋಮೀಟರ್ ಪಶ್ಚಿಮಕ್ಕೆ ಜಾರಿ ಅರಬ್ಬಿ ಸಮುದ್ರದಲ್ಲಿ ತೇಲುತ್ತದೆ. ನೀರಿಲ್ಲದ ಜಿಲ್ಲೆಗೆ ಇದಕ್ಕಿಂತ ವ್ಯಂಗ್ಯ ಬೇಕೆ? ಇಂಥ ದೊಡ್ಡ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ, ಭಯವಿಲ್ಲ. ಎರಡು ಮೀಟರಿನ ತಪ್ಪು ಜೆಸಿಬಿ ಬರುವ ತನಕ ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮ ಬೀದಿಯಲ್ಲಿ ಒಮ್ಮೆ ಕೇಬಲ್ ಹಾಕುವವರು ನೀರಿನ ಪೈಪ್ ಒಡೆದರು. ಅದನ್ನು ಸರಿಮಾಡಲು ಬಂದವರು ಕೇಬಲ್ ಕತ್ತರಿಸಿದರು. ಒಂದು ವಾರ ಇಬ್ಬರೂ ಬೈದಾಡಿಕೊಂಡೇ ಅಕ್ಕಪಕ್ಕ ಗುಂಡಿ ತೋಡಿದರು. ಇಬ್ಬರ ಬಳಿಯೂ ನಕ್ಷೆ ಇತ್ತು, ತಮ್ಮದು ಮಾತ್ರ. ಅಗೆಯುವವರು ಮೊದಲೇ ತಿಳಿಸಿ, ನೆಲದಡಿ ಯಾರ ಸೊತ್ತು ಇದೆಯೋ ಅವರಿಗೆ ಸುದ್ದಿ ಮುಟ್ಟಲೆಂದು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ತಂದಿದೆ. ಸುದ್ದಿ ಮುಟ್ಟಿದವರ ಬಳಿ ತಮ್ಮ ಪೈಪಿನ ನಕ್ಷೆ ಸರಿಯಿದ್ದರೆ ಪ್ರಯೋಜನ.

ಹಾಗಾದರೆ ನಕ್ಷೆ ಹಳಸುವುದು ಏಕೆ? ನನ್ನ ಮಟ್ಟಿಗೆ ಉತ್ತರ ಒಂದೇ: ಬಿಲ್. ಸಮೀಕ್ಷೆಗೆ ಒಮ್ಮೆ ಕೋಟಿಗಟ್ಟಲೆ ಸುರಿಯುತ್ತಾರೆ, ಉದ್ಘಾಟನೆಯ ದಿನ ನಕ್ಷೆ ನೂರಕ್ಕೆ ತೊಂಬತ್ತು ಸರಿ ಇರುತ್ತದೆ. ಮಾರನೆಯ ದಿನ ಒಂದು ಟಿಸಿ ಬದಲಾಗುತ್ತದೆ, ನಾಲ್ಕು ಹೊಸ ಸಂಪರ್ಕ ಕೊಡುತ್ತಾರೆ, ಒಂದು ವಾಲ್ವ್ ಕಿತ್ತು ಹಾಕುತ್ತಾರೆ. ಗುತ್ತಿಗೆದಾರನಿಗೆ ಕೆಲಸ ಮುಗಿದ ಕೂಡಲೇ ದುಡ್ಡು ಬಂದರೆ ನಕ್ಷೆಯಲ್ಲಿ ಗುರುತು ಹಾಕುವ ಗೋಜು ಯಾರಿಗೆ? ಗುಂಡಿ ಮುಚ್ಚುವ ಮುನ್ನ ತೆಗೆದ ಅಳತೆ, ಫೋಟೊ ನಕ್ಷೆಗೆ ಏರದೆ ಕೊನೆಯ ಬಿಲ್ ಪಾಸಾಗದು ಎಂದು ಒಂದು ಸಾಲಿನ ಆದೇಶ ಮಾಡಿದರೆ, ಯಾವ ದುಬಾರಿ ತಂತ್ರಾಂಶವೂ ಮಾಡದ ಕೆಲಸ ಆಗುತ್ತದೆ.

ತಂತ್ರಾಂಶಕ್ಕೆ ಸಣ್ಣ ಊರುಗಳು ಹೆದರಬೇಕಿಲ್ಲ. ಆರ್ಕ್‌ಜಿಐಎಸ್‌ನಂಥವಕ್ಕೆ ಲೈಸೆನ್ಸ್ ಹಣ ಕಟ್ಟಬೇಕು, ಕ್ಯೂಜಿಐಎಸ್ ಉಚಿತ. ಪೈಪಿನೊಳಗೆ ಎಲ್ಲಿ ಎಷ್ಟು ಒತ್ತಡ ಇರುತ್ತದೆಂದು ಲೆಕ್ಕ ಹಾಕುವ ಎಪಾನೆಟ್ ಎಂಬುದನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1993ರಿಂದ ಎಲ್ಲರಿಗೂ ಪುಕ್ಕಟೆ ಕೊಡುತ್ತಿದೆ. ಸರ್ವೆ ನಂಬರ್, ಹಳ್ಳಿ ಗಡಿಗಳಂಥ ತಳಪಾಯದ ನಕ್ಷೆಗಳು ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ಬಳಿ ಇವೆ. ಅವರದೇ ದಿಶಾಂಕ್ ಆ್ಯಪನ್ನು ಜಮೀನು ನೋಡಲು ಹೋಗುವವರು ದಿನವೂ ಬಳಸುತ್ತಾರೆ.

ಪುರಸಭೆಯೊಂದು ನಾಳೆಯೇ ಶುರು ಮಾಡುವುದಾದರೆ ಪೈಪಿನಿಂದ ಬೇಡ, ವಾಲ್ವ್‌ನಿಂದ ಶುರು ಮಾಡಲಿ. ಪೈಪ್ ಒಡೆದಾಗ ಬೇಕಾಗುವುದು ಅದೇ: ಯಾವ ಮೂರು ವಾಲ್ವ್ ಮುಚ್ಚಿದರೆ ಈ ತುಂಡಿಗೆ ನೀರು ನಿಲ್ಲುತ್ತದೆ, ಅದರಲ್ಲೊಂದು ತುಕ್ಕು ಹಿಡಿದು ತಿರುಗದಿದ್ದರೆ ಮುಂದಿನದು ಯಾವುದು. ಕೆರೆ ತೂಬಿನ ಕಾಲದ ‘ನೀರಗಂಟಿ’ ಎಂಬ ಹೆಸರನ್ನು ಹಳೇ ಮೈಸೂರಿನ ಎಷ್ಟೋ ಪಂಚಾಯಿತಿಗಳಲ್ಲಿ ಇಂದಿಗೂ ನೀರು ಬಿಡುವವರಿಗೆ ಬಳಸುತ್ತಾರೆ. ಪಟ್ಟಣದಲ್ಲಿ ಅವರೇ ವಾಲ್ವ್‌ಮ್ಯಾನ್. ಡಾಂಬರಿನ ಕೆಳಗೆ ಮುಚ್ಚಿಹೋದ ವಾಲ್ವ್ ಎಲ್ಲಿದೆಯೆಂದು ಇಡೀ ಊರಲ್ಲಿ ಗೊತ್ತಿರುವುದು ಅವರೊಬ್ಬರಿಗೆ. ನಿವೃತ್ತಿಗೆ ಇನ್ನು ಆರು ತಿಂಗಳಿರುವ ಹಿರಿಯರೊಬ್ಬರ ಜೊತೆ ಫೋನ್ ಹಿಡಿದ ಒಬ್ಬ ಹುಡುಗನನ್ನು ಹದಿನೈದು ದಿನ ಕಳಿಸಿದರೆ ಸಾಕು. ಪ್ರತಿ ವಾಲ್ವ್ ಬಳಿ ನಿಂತು ಬರೆದುಕೊಳ್ಳಬೇಕಾದ್ದು ಕಡಿಮೆಯೇ. ಯಾವ ಯಾವ ಬೀದಿಗೆ ಇದರ ನೀರು, ಪೂರ್ತಿ ಮುಚ್ಚಲು ಎಷ್ಟು ಸುತ್ತು, ಮತ್ತು ಇದು ಎಲ್ಲವುಗಳ ಹಾಗೆ ಬಲಕ್ಕೆ ಮುಚ್ಚುತ್ತದೋ, ಇಲ್ಲ ಎಡಕ್ಕೆ ಮುಚ್ಚುವ ಅಪರೂಪದ್ದೋ.